ಬದಿಯಡ್ಕ ಪೇಟೆಯ ಆ ಹಿರಿಯರಿಗೆ

ಅಲಂಕಾರಿಕ ಮೀನಿನ ಅಂಗಡಿಯಲ್ಲಿ ನನಗಾಗಿ ನಿಂತು, ಎರಡು ಬಸ್ ಬಿಟ್ಟುಕೊಟ್ಟು ಮಾತನಾಡಿದ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಮನಃಪೂರ್ವಕ ಧನ್ಯವಾದಗಳನ್ನು ಇಲ್ಲಿಂದಲೇ ಹೇಳುತ್ತಿದ್ದೇನೆ.

ನೀರು ಬದಲಿಸಿದಾಗಲೆಲ್ಲ ನಮ್ಮ ಗೋಲ್ಡ್ ಫಿಶ್‌ಗಳು ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತೊಟ್ಟಿಯ ಮೂಲೆ ಸೇರುತ್ತಿದ್ದವು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಅಂಗಡಿಯವರು ಔಷಧಿಯ ಬಾಟಲಿ ತೆಗೆದಿಟ್ಟಾಗ ನೀವು ಕೇಳಿದ್ದು ಒಂದೇ ಮಾತು: "ನೀರು ಎಲ್ಲಿಯದು ಮಗಳೇ?"

ಬಾವಿಯದು ಎಂದೆ. ಗಂಟು ಬಿಚ್ಚಿದ್ದು ಅಲ್ಲಿಯೇ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಆಮ್ಲೀಯ. ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರಂತೂ ಕ್ಲೋರಿನ್ ಕಿವಿರನ್ನೇ ಸುಡುತ್ತದೆ. ಅಗಲ ಬಾಯಿಯ ಬಕೆಟಿನಲ್ಲಿ ನೀರು ತುಂಬಿಸಿ, ಗಾಳಿ ಪಂಪ್ ಹಾಕಿ ಒಂದು ದಿನ ಬಿಡಲು ಹೇಳಿದಿರಿ. ಆಗ ಅನಿಲಗಳು ಹೊರಹೋಗುತ್ತವೆ, ನೀರಿನ ಬಿಸಿಯೂ ತೊಟ್ಟಿಗೆ ಹೊಂದುತ್ತದೆ. ಒಮ್ಮೆಗೆ ಕಾಲು ಭಾಗ ಮಾತ್ರ ಬದಲಿಸುವುದು, ಅದನ್ನೂ ಸಣ್ಣ ಕೊಳವೆಯಲ್ಲಿ ನಿಧಾನವಾಗಿ ಇಳಿಸುವುದು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕೆಂಬ ಮಾತು ನನಗೆ ಎಲ್ಲಕ್ಕಿಂತ ಬೆಲೆಬಾಳಿತು. ಮೀನುಗಳ ವಿಸರ್ಜನೆಯಿಂದ ನೀರಿಗೆ ಸೇರುವ ಅಮೋನಿಯಾ ಎಂಬ ವಿಷವನ್ನು ನಿವಾರಿಸುವ ಬ್ಯಾಕ್ಟೀರಿಯಾಗಳ ಮನೆ ಆ ಸ್ಪಂಜು.

ಒಂದು ಪೈಸೆಯ ಲಾಭವಿಲ್ಲದೆ ಇಷ್ಟು ತಾಳ್ಮೆಯಿಂದ ಹೇಳಿಕೊಡುವವರು ಅಪರೂಪ. ಈಗ ನೀರು ಬದಲಿಸಿದ ಬೆನ್ನಿಗೇ ಮೀನುಗಳು ಆಹಾರಕ್ಕೆ ಮೇಲೆ ಬರುತ್ತವೆ. ಪೆರ್ಲದ ಕಡೆ ಬಂದರೆ ದಯವಿಟ್ಟು ನಮ್ಮ ಮನೆಗೆ ಬನ್ನಿ, ಅಮ್ಮನೂ ನಿಮ್ಮನ್ನು ನೋಡಬೇಕೆನ್ನುತ್ತಿದ್ದಾರೆ.