ಶಾಂತಿ ಸಭೆಗೆ ಕಾರ್ಮಿಕ ಸಂಘಗಳನ್ನೂ ಕರೆಯಿರಿ

ಮಾನ್ಯರೇ,

ಗಣೇಶ ಚೌತಿ, ಈದ್ ಮಿಲಾದ್, ಮೊಹರಂ ಹತ್ತಿರ ಬಂತೆಂದರೆ ಠಾಣೆಗಳಲ್ಲಿ ಶಾಂತಿ ಸಭೆ ನಡೆದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬರುತ್ತದೆ. ಮಠದ ಕಡೆಯವರು, ಮಸೀದಿ ಕಮಿಟಿಯವರು, ಪಾಲಿಕೆ ಸದಸ್ಯರು, ಗಣೇಶ ಮಂಡಳಿಯ ಹುಡುಗರು ಇರುತ್ತಾರೆ. ಅವರು ಇರಲೇಬೇಕು. ಆದರೆ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನ ಹಮಾಲರನ್ನಾಗಲಿ, ಆಟೊ ಚಾಲಕರ ಸಂಘದವರನ್ನಾಗಲಿ, ಪೌರಕಾರ್ಮಿಕರನ್ನಾಗಲಿ ಅಲ್ಲಿ ಕೂರಿಸಿದ್ದನ್ನು ನಾನು ಕಂಡಿಲ್ಲ. ಗಲಾಟೆಯಾದರೆ ಮೊದಲು ಬೀದಿಯಲ್ಲಿ ಸಿಕ್ಕಿಬೀಳುವವರು, ಮೊದಲು ಕೂಲಿ ಕಳೆದುಕೊಳ್ಳುವವರು ಇವರೇ.

ನಾನು ಗಂಜಿನಲ್ಲಿ ಚೀಲ ಹೊತ್ತವನು. ಬೆನ್ನು ಸೋತ ಮೇಲೆ ಸಂಘದ ಲೆಕ್ಕ ಬರೆದೆ. ನಾನು ಹೊರುವಾಗ ನೂರು ಕಿಲೊ ಚೀಲವೇ ಹೆಚ್ಚು. ಅದನ್ನು ಯಾವ ಗಟ್ಟಿಗನೂ ತಾನೇ ಬೆನ್ನಿಗೆ ಹಾಕಿಕೊಳ್ಳಲಾರ. ಇಬ್ಬರು ಆಚೆ ಈಚೆ ಹಿಡಿದು ಎತ್ತಿ ಮೂರನೆಯವನ ಬೆನ್ನಿಗೆ ಕೊಡಬೇಕು, ಒಬ್ಬನ ಕೈ ಜಾರಿದರೂ ಕೆಳಗಿದ್ದವನ ಸೊಂಟ ಹೋಯಿತು. ನಮ್ಮ ಟೋಳಿಯಲ್ಲಿ ದಲಿತರು, ಮುಸ್ಲಿಮರು, ಕಬ್ಬಲಿಗರು, ಲಿಂಗಾಯತರು ಎಲ್ಲರೂ ಇದ್ದೆವು. ಸಂಜೆ ಬಂದ ಹಮಾಲಿಯನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದೆವು.

ಒಂದು ವರ್ಷ, ಹೆಸರು ಉದ್ದಿನ ಆವಕ ಜೋರಾಗಿದ್ದ ದಿನಗಳಲ್ಲಿ, ಗಣಪತಿ ಮೆರವಣಿಗೆಯ ಮೇಲೆ ಕಲ್ಲು ಬಿತ್ತೆಂಬ ಸುದ್ದಿ ಹಬ್ಬಿತು. ಮರುದಿನ ಬೆಳಿಗ್ಗೆ ಚಹಾದಂಗಡಿ ಮುಂದೆ ನಮ್ಮವರೇ ಎರಡು ಗುಂಪಾಗಿ ನಿಂತಿದ್ದರು. ಚೀಲ ಯಾರೂ ಮುಟ್ಟಲಿಲ್ಲ. ಆಗ ನಮ್ಮ ಅಧ್ಯಕ್ಷರು ಎಲ್ಲರನ್ನೂ ಲಿಲಾವು (ಹರಾಜು) ಕಟ್ಟೆಗೆ ಕರೆದು ಒಂದೇ ಷರತ್ತು ಹಾಕಿದರು: “ಕಣ್ಣಾರೆ ನೋಡಿದವರು ಮಾತಾಡ್ರಿ, ಕೇಳಿಕೊಂಡು ಬಂದವರು ಸುಮ್ಮನ ಕೂಡ್ರಿ.” ನೋಡಿದವನು ಒಬ್ಬನೂ ಇರಲಿಲ್ಲ. ಬಿಗುವಿದ್ದ ಓಣಿಗಳಿಗೆ ಸಂಜೆ ಹೋಗಬೇಕಾದವರ ಜೊತೆ ಆಚೆ ಧರ್ಮದವರೊಬ್ಬರು ಮನೆತನಕ ಹೋಗಬೇಕೆಂದು ಅಲ್ಲೇ ಠರಾವು ಮಾಡಿದೆವು. ನಾನೇ ಅದನ್ನು ವಹಿಯಲ್ಲಿ ಬರೆದೆ. ಸ್ವಲ್ಪ ಹೊತ್ತಿಗೆ ಕೆಲಸ ಶುರುವಾಯಿತು.

ನಾವೇನು ದೊಡ್ಡ ಮನಸ್ಸಿನವರೆಂದು ಇದನ್ನು ಹೇಳುತ್ತಿಲ್ಲ. ಅದೇ ಕಟ್ಟೆಯ ಮೇಲೆ ಹಮಾಲಿ ದರಕ್ಕಾಗಿ ನಾವು ಎಷ್ಟೋ ಸಲ ಒಬ್ಬರ ಮೇಲೊಬ್ಬರು ಕೂಗಾಡಿದ್ದೆವು. ದಲ್ಲಾಳಿ ವರ್ತಕರಾದ ಅಡತಿಯವರು ಕೊಡಲು ಒಪ್ಪಿದ ದರ ತೆಗೆದುಕೊಳ್ಳಬೇಕೇ, ಕೆಲಸ ಬಂದ್ ಮಾಡಬೇಕೇ ಎಂಬುದನ್ನು ಚೀಟಿ ಹಾಕಿ ತೀರ್ಮಾನಿಸುತ್ತಿದ್ದೆವು. ಓದು ಬಾರದವರಿಗೆಂದು ಎರಡು ಬಣ್ಣದ ಚೀಟಿ. ಒಮ್ಮೆ ನಾನಿದ್ದ ಕಡೆ ಸೋತಿತು, ಮರುದಿನ ಗೆದ್ದವರ ಜೊತೆಗೇ ಬಂದ್‌ಗೆ ಕೂತೆ. ಆದರೂ ಅಷ್ಟರೊಳಗೆ ಗಂಜಿಗೆ ಬಂದು ನಿಂತಿದ್ದ ರೈತರ ಗಾಡಿಗಳನ್ನು ಇಳಿಸಿಕೊಟ್ಟೇ ಕೂತೆವು, ಅದೂ ಸಭೆಯದೇ ತೀರ್ಮಾನ. ಹೀಗೆ ಜಗಳಾಡಿ, ಸೋತು, ಮತ್ತೆ ಕೂಡಿ ದುಡಿದು ರೂಢಿಯಿದ್ದವರನ್ನು ಒಂದು ಗಾಳಿಸುದ್ದಿ ಸುಲಭಕ್ಕೆ ಒಡೆಯಲಾರದು.

ದೂರದ ಟ್ಯುನೀಷಿಯಾದಲ್ಲಿ 2013ರಲ್ಲಿ ವಿರೋಧ ಪಕ್ಷದ ಇಬ್ಬರು ನಾಯಕರ ಕೊಲೆಯಾಗಿ ದೇಶವೇ ಹೊತ್ತಿಕೊಳ್ಳುವ ಹಾಗಿದ್ದಾಗ, ಅಲ್ಲಿನ ಕಾರ್ಮಿಕ ಮಹಾಸಂಘವಾದ ಯುಜಿಟಿಟಿಯು ಉದ್ಯಮಿಗಳ ಸಂಘ, ವಕೀಲರ ಸಂಘ ಮತ್ತು ಮಾನವ ಹಕ್ಕುಗಳ ಸಂಘಟನೆಯನ್ನು ಜೊತೆಗೆ ಸೇರಿಸಿಕೊಂಡು ಪಕ್ಷಗಳನ್ನು ಮಾತುಕತೆಗೆ ಕೂರಿಸಿತು. 2014ರ ಜನವರಿಯಲ್ಲಿ ಹೊಸ ಸಂವಿಧಾನ ಬಂತು, ಮರುವರ್ಷ ಆ ನಾಲ್ಕು ಸಂಘಟನೆಗಳ ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. 2021ರಲ್ಲಿ ಅಧ್ಯಕ್ಷರು ಸಂಸತ್ತನ್ನೇ ಅಮಾನತಿನಲ್ಲಿಟ್ಟರು ನಿಜ. ಅದರಿಂದ ಅಂದು ತಪ್ಪಿದ ರಕ್ತಪಾತದ ಬೆಲೆ ಕಡಿಮೆಯಾಗುವುದಿಲ್ಲ. ದುಡಿಯುವವರೂ ದುಡಿಸಿಕೊಳ್ಳುವವರೂ ಜೊತೆಗೂಡಿ ಬಂದದ್ದರಿಂದಲೇ ಅವರ ಮಾತಿಗೆ ತೂಕ ಬಂತೆಂದು ನನಗನ್ನಿಸುತ್ತದೆ. ಸಾಮಾಜಿಕ ನ್ಯಾಯವಿಲ್ಲದೆ ಶಾಶ್ವತ ಶಾಂತಿ ಇಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲೇ ತನ್ನ ಸಂವಿಧಾನದಲ್ಲಿ ಬರೆದುಕೊಂಡಿದೆ.

ನಮ್ಮ ಸಂಘಗಳಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಒಬ್ಬರೇ ವರ್ಷಗಟ್ಟಲೆ ಕುರ್ಚಿ ಬಿಡದ ಸಂಘಗಳಿವೆ, ಪಕ್ಷಕ್ಕೊಂದು ಸಂಘ ಕಟ್ಟಿ ಒಂದೇ ಟೋಳಿಯನ್ನು ಹರಿದು ಹಂಚಿದವರಿದ್ದಾರೆ. ಲೆಕ್ಕ ನೋಡುವ ಹಕ್ಕನ್ನು 1926ರ ಕಾರ್ಮಿಕ ಸಂಘಗಳ ಕಾಯ್ದೆಯೇ ಸದಸ್ಯನಿಗೆ ಕೊಟ್ಟಿತ್ತು, ಆದರೂ ವಹಿ ಕೇಳಿದವನನ್ನು ದ್ರೋಹಿ ಎಂದು ಕಾಣುವ ಮುಖಂಡರನ್ನು ಬಲ್ಲೆ. ಒಳಗೆ ಚುನಾವಣೆ ನಡೆಸದ ಸಂಘ ಹೊರಗೆ ಪ್ರಜಾಪ್ರಭುತ್ವದ ಮಾತಾಡಬಾರದು. ನಿಮ್ಮ ವರದಿಗಾರರೂ ಜಗತ್ ವೃತ್ತದಲ್ಲಿ ಮುಷ್ಕರವಾಗಿ ವಾಹನ ನಿಂತ ದಿನ ಮಾತ್ರ ನಮ್ಮ ಕಡೆ ಬಾರದೆ, ಸಂಘದ ಚುನಾವಣೆ ನಡೆವ ದಿನವೂ ಬಂದು ನೋಡಲಿ.

ನಗರ ಪೊಲೀಸ್ ಆಯುಕ್ತರಲ್ಲಿ ಮತ್ತು ಜಿಲ್ಲಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಶಾಂತಿ ಸಭೆಗೆ ಪ್ರತಿ ಕಾರ್ಮಿಕ ಸಂಘದಿಂದ ಇಬ್ಬರನ್ನು ಕರೆಯಿರಿ. ಮುಖಂಡರೊಬ್ಬರು ಸಾಕು, ಇನ್ನೊಬ್ಬರು ದಿನಾ ಕೆಲಸಕ್ಕೆ ಹೋಗುವವರಿರಲಿ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಆಗ ಲಿಲಾವಿನ ಹೊತ್ತು. ಬಂದವನ ಅಂದಿನ ಕೂಲಿ ಹೋಗುತ್ತದೆ. ಸಂಜೆ ಏಳರ ಮೇಲೆ ಇಟ್ಟರೆ ನಮ್ಮವರು ಖಂಡಿತ ಬರುತ್ತಾರೆ.

– ನಿವೃತ್ತ ಹಮಾಲ, ನೆಹರು ಗಂಜ್, ಕಲಬುರಗಿ