ತಿರುವಿನ ಫ್ಲೆಕ್ಸ್ ತೆಗೆಸಿಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ತಿರುವಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ನಮ್ಮ ಗೆಳೆಯನ ಶ್ರದ್ಧಾಂಜಲಿ ಸಭೆಗೆ ನೀವು ಬಂದಿರಿ, ಮನೆಯವರ ಜೊತೆ ಕೂತು ಮಾತಾಡಿದಿರಿ. ಊರವರು ಅದನ್ನು ಮರೆಯುವುದಿಲ್ಲ. ಆದರೆ ಅಂದು ಮೈಕ್ ಹಿಡಿದವರೆಲ್ಲ, ನೀವೂ ಸೇರಿ, ಹೇಳಿದ್ದು ಒಂದೇ ಮಾತು: ಯುವಕರು ವೇಗ ಕಡಿಮೆ ಮಾಡಬೇಕು. ಮಾತು ತಪ್ಪಲ್ಲ, ಆದರೆ ಅವನಿಗೆ ಹೊಂದುವುದಿಲ್ಲ. ಹಿಂದೆ ಅಡಕೆ ಗೋಣಿ ಕಟ್ಟಿಕೊಂಡು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಗೆ ಹೊರಟಿದ್ದವನು ಅವನು. ಅಷ್ಟು ಭಾರ ಹೊತ್ತ ಸಣ್ಣ ಬೈಕು ನಮ್ಮ ಗುಡ್ಡೆಯ ರಸ್ತೆಯಲ್ಲಿ ಹಾರುವುದಿಲ್ಲ, ಓಲಾಡಿಕೊಂಡು ಇಳಿಯುತ್ತದೆ.

ಬಿದ್ದ ಜಾಗವನ್ನು ಮರುದಿನ ಹೋಗಿ ನೋಡಿದೆ. ನೀರಿನ ಪೈಪಿಗೆಂದು ರಸ್ತೆಯ ಅಂಚು ಅಗೆದವರು ಮಣ್ಣು ಎಳೆದು ಮುಚ್ಚಿ ಹೋಗಿದ್ದರು. ಮಳೆಗೆ ಅದು ಕುಸಿದು, ಜಲ್ಲಿಯೆಲ್ಲ ಡಾಮರಿನ ಮೇಲೆ ಹರಡಿತ್ತು, ಅದೂ ತಿರುವಿನ ಒಳಮಗ್ಗುಲಲ್ಲೇ. ಎದುರಿಂದ ಬಸ್ಸು ಬಂದರೆ ಬೈಕಿನವನು ಸರಿಯಬೇಕಾದದ್ದು ಅಲ್ಲಿಗೇ. ವಾಲಿದ ಬೈಕಿನಲ್ಲಿ ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ, ಕಾಲು ಊರುವಷ್ಟೂ ಹೊತ್ತು ಸಿಗುವುದಿಲ್ಲ. ಬ್ರೇಕ್ ಏನಿದ್ದರೂ ತಿರುವಿಗೆ ಮೊದಲೇ ಹಿಡಿದು ಮುಗಿಸಬೇಕು. ಆದರೆ ಜಲ್ಲಿ ಇದೆ ಎಂದು ಮೊದಲೇ ಕಂಡರೆ ತಾನೇ? 2019ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದರ ಕೆಳಗಿನವಕ್ಕೆ ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕೆಂದಾಯಿತು. ಅದು ಚಕ್ರ ಲಾಕ್ ಆಗುವುದನ್ನು ತಪ್ಪಿಸುವುದಿಲ್ಲ. ಗೋಣಿ ಹೊರುವ ಬೈಕುಗಳು ಹೆಚ್ಚಾಗಿ ಈ ಕೆಳಗಿನವೇ.

ಇನ್ನೊಂದು ವಿಷಯ ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆಯಿಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಗದ್ದದ ಪಟ್ಟಿ ಹಾಕಿರಲಿಲ್ಲ. ಬಿದ್ದಾಗ ಅದು ಕಳಚಿ ತೋಡಿಗೆ ಹೋಯಿತು. ಒಂದು ಗೀರೂ ಬೀಳದ ಹೆಲ್ಮೆಟ್! 2023ರ ಜೂನಿನಲ್ಲಿ ಕೇರಳದ ರಸ್ತೆಗಳಲ್ಲಿ ನಿಯಮ ಮೀರಿದವರನ್ನು ತಾವೇ ಗುರುತಿಸುವ ಎಐ ಕ್ಯಾಮರಾಗಳು ದಂಡ ಹಾಕತೊಡಗಿದ ಮೇಲೆ ನಮ್ಮ ಕಡೆ ಹೆಲ್ಮೆಟ್ ಜಾಸ್ತಿಯಾದದ್ದು ನಿಜ. ಆದರೆ ಅದು ಕ್ಯಾಮರಾದ ಕಣ್ಣಿಗೆ ಹಾಕುವ ಹೆಲ್ಮೆಟ್. ಒಳರಸ್ತೆಗೆ ತಿರುಗಿದ ಕೂಡಲೇ ಮೊಣಕೈಗೋ ಕನ್ನಡಿಗೋ ನೇತುಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಕೇಳುವುದು ಪಟ್ಟಿ ಬಿಗಿದ ಹೆಲ್ಮೆಟ್ಟನ್ನು. ಪಟ್ಟಿ ಬಿಗಿದಿದ್ದರೆ ಬದುಕುತ್ತಿದ್ದನೋ ಏನೋ. ಜಲ್ಲಿ ಇಲ್ಲದಿದ್ದರೆ ಬೀಳುತ್ತಲೇ ಇರಲಿಲ್ಲ.

ಬಿದ್ದವನನ್ನು ಎತ್ತಲು ನಾಲ್ಕಾರು ಜನ ಹಿಂಜರಿದರು. ಪೊಲೀಸು, ಕೋರ್ಟಿನ ಹೆದರಿಕೆ. ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂದು ಅದೇ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಸೆಕ್ಷನ್ ಸೇರಿಸಿದ್ದಾರೆ. ಊರಿನಲ್ಲಿ ಯಾರಿಗೆ ಗೊತ್ತು? ಕೊನೆಗೆ ಒಬ್ಬ ರಿಕ್ಷಾದವನು ಕರೆದೊಯ್ದ. ತಲೆಗೆ ಪೆಟ್ಟೆಂದರೆ ನಮಗೆ ಮಂಗಳೂರೇ ಗತಿ. ಆ ದಾರಿ ಮುಚ್ಚಿದರೆ ಏನಾಗುತ್ತದೆಂದು 2020ರ ಮಾರ್ಚಿನಲ್ಲಿ, ಕೊರೊನಾ ಲಾಕ್‌ಡೌನಿನ ಹೊತ್ತಿಗೆ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಇಡೀ ಜಿಲ್ಲೆ ನೋಡಿದೆ. ಅದಕ್ಕೆ ಬೇರೆಯೇ ಪತ್ರ ಬೇಕು, ಇರಲಿ.

ಈಗ ಫ್ಲೆಕ್ಸಿನ ಮಾತಿಗೆ ಬರುತ್ತೇನೆ. ಕ್ಲಬ್ಬಿನ ಹುಡುಗರು ಅದೇ ತಿರುವಿನಲ್ಲಿ ಎರಡು ಅಡಕೆಮರದ ಕಂಬ ನೆಟ್ಟು ಅವನ ದೊಡ್ಡ ಫೋಟೋ ಕಟ್ಟಿದ್ದಾರೆ. ಪ್ರೀತಿಯಿಂದಲೇ ಕಟ್ಟಿದ್ದು. ಆದರೆ ಕೆಳಗಿನಿಂದ ಹತ್ತಿ ಬರುವ ಗಾಡಿ ಈಗ ಮೇಲಿನವರಿಗೆ ಕಾಣುವುದಿಲ್ಲ. ರಸ್ತೆ ಬದಿಯ ಫ್ಲೆಕ್ಸ್ ತೆಗೆಯಿರಿ ಎಂದು ಕೇರಳ ಹೈಕೋರ್ಟ್ ಮತ್ತೆ ಮತ್ತೆ ಹೇಳಿದ್ದೂ ಇದೆ. ನಾವಾಗಿ ಬಿಚ್ಚಿದರೆ ಮನೆಯವರಿಗೆ ನೋವು, ಹುಡುಗರಿಗೆ ಸಿಟ್ಟು. ನೀವು ಹೇಳಿದರೆ ಕೇಳುತ್ತಾರೆ. ಅದರ ಬದಲು ಅಲ್ಲೊಂದು ಉಬ್ಬುಗನ್ನಡಿ, ರಾತ್ರಿ ಹೊಳೆಯುವ ಗೂಟಗಳು, ಅಂಚಿಗೆ ಬಿಳಿ ಗೆರೆ, ಕನ್ನಡದಲ್ಲೂ ಬರೆದ ಎಚ್ಚರಿಕೆಯ ಬೋರ್ಡು ಹಾಕಿಸಿ. ಪೇಟೆಯ ಹೈಮಾಸ್ಟ್ ದೀಪಕ್ಕೆ ಹಣ ಸಿಗುವಾಗ ಇದಕ್ಕೆ ಸಿಗದೆ ಹೋಗದು. ಮತ್ತೆ, ಅಗೆದವರು ಜಲ್ಲಿ ಹಾಕಿ ಒತ್ತಿ ಡಾಮರು ಹಾಕುವವರೆಗೆ ಅವರ ಬಿಲ್ಲು ಪಾಸಾಗದಂತೆ ನೋಡಿಕೊಳ್ಳಿ.

ಮುಂದಿನ ಮಳೆಗಾಲಕ್ಕೆ ಮೊದಲು ಎಂಜಿನಿಯರನ್ನೂ ಪಂಚಾಯತು ಸೆಕ್ರೆಟರಿಯನ್ನೂ ಕರೆದುಕೊಂಡು ಒಮ್ಮೆ ಬನ್ನಿ. ಕಾರನ್ನು ಮೇಲೆಯೇ ಬಿಟ್ಟು ನಮ್ಮ ಬೈಕಿನ ಹಿಂದೆ ಕೂತು ಆ ಇಳಿಜಾರು ಇಳಿಯಿರಿ. ನಿಮಗೊಂದು ಐಎಸ್‌ಐ ಹೆಲ್ಮೆಟ್ ತೆಗೆದಿಟ್ಟಿದ್ದೇವೆ. ದಿನ ಯಾವುದೆಂದು ತಿಳಿಸಿದರೆ ಕ್ಲಬ್ಬಿನ ಹುಡುಗರನ್ನೂ ಬರಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ