ದೇವರ ಮೇಜು ಬೀದಿಗಿಳಿದ ಊರಿಗೆ ನನ್ನ ನಮಸ್ಕಾರ

ಕಳೆದ ಭಾನುವಾರ ಶಿವಮೊಗ್ಗದಲ್ಲಿ ನನ್ನ ಪುಸ್ತಕ ಬಿಡುಗಡೆಯಾಯಿತು. ದಕ್ಷಿಣ ವಿಯೆಟ್ನಾಮಿನ ಬೌದ್ಧರು 1966ರಲ್ಲಿ, ಯುದ್ಧದ ನಡುವೆಯೇ, ತಮ್ಮ ದೇಶದ ಸೇನಾ ಸರ್ಕಾರಕ್ಕೆ ಎದುರು ನಿಂತ ಕಥೆ ಅದು. ಬರೆಯಲು ಏಳು ವರ್ಷ ಹಿಡಿಯಿತು. ವೇದಿಕೆಯಲ್ಲಿ ನನಗೆ ಸಿಕ್ಕಿದ್ದು ಐದು ನಿಮಿಷ; ಗಣ್ಯರನ್ನು ಒಬ್ಬೊಬ್ಬರಾಗಿ ಸಂಬೋಧಿಸುವುದರಲ್ಲೇ ಮೂರು ನಿಮಿಷ ಸರಿದವು. ನಿಜವಾಗಿ ನೆನೆಯಬೇಕಾದವರು ಬಾಕಿ ಉಳಿದರು. ಅವರಲ್ಲಿ ಹೆಚ್ಚಿನವರು ತಮ್ಮ ಹೆಸರು ಬೇಡವೆಂದಿದ್ದಾರೆ. ಹೆಸರಿಲ್ಲದೆಯೇ ಋಣ ಸಲ್ಲಿಸುತ್ತಿದ್ದೇನೆ.

ಮೊದಲ ನಮಸ್ಕಾರ ವಿಯೆಟ್ನಾಮಿನ ಹ್ವೇ ನಗರದ ಒಬ್ಬ ಅಜ್ಜಿಗೆ. 2019ರ ಜನವರಿಯಲ್ಲಿ, ಜಿನುಗು ಮಳೆಯಲ್ಲಿ, ನಾನು ಅವರ ಮನೆಗೆ ಹೋದಾಗ ನನ್ನ ಚೀಲದಲ್ಲಿ ಪ್ರಶ್ನೆಗಳ ಉದ್ದ ಪಟ್ಟಿಯೇ ಇತ್ತು. ಪ್ರಧಾನಿ ನ್ಗುಯೆನ್ ಕಾವ್ ಕಿ ಅವರು 1966ರ ಮಾರ್ಚ್‌ನಲ್ಲಿ ಉತ್ತರ ಪ್ರಾಂತಗಳ ದಂಡನಾಯಕ ನ್ಗುಯೆನ್ ಚಾನ್ ಥಿ ಅವರನ್ನು ವಜಾ ಮಾಡಿದಾಗ ಊರು ಹೇಗಿತ್ತು, ಚುನಾವಣೆ ನಡೆಸುತ್ತೇವೆಂದು ಏಪ್ರಿಲ್‌ನಲ್ಲಿ ಸರ್ಕಾರ ಕೊಟ್ಟ ಮಾತನ್ನು ಜನ ನಂಬಿದರೇ, ಮೇ 15ರಂದು ದ ನಾಂಗ್ ನಗರಕ್ಕೆ ಸರ್ಕಾರದ ಸೇನೆ ನುಗ್ಗಿದ ಸುದ್ದಿ ಯಾರು ತಂದರು, ಹೀಗೆ. ಅಜ್ಜಿ ಒಂದಕ್ಕೂ ಉತ್ತರಿಸಲಿಲ್ಲ. ನನ್ನನ್ನು ಒಳಗೆ ಕರೆದೊಯ್ದು ದೇವರ ಮೇಜಿನ ಮುಂದೆ ನಿಲ್ಲಿಸಿದರು. ಹಲಸಿನ ಮರದ ಮೇಜು. ಹಿಂದಿನ ಎಡಗಾಲಿನ ತುದಿಗೆ ಬೇರೆ ಮರದ ತುಂಡೊಂದನ್ನು ಕೂಡಿಸಿದ್ದರು, ಬಣ್ಣ ಹೊಂದಿರಲಿಲ್ಲ.

1966ರ ಜೂನ್‌ನಲ್ಲಿ ಹೋರಾಟದ ಮುಂದಾಳು ಭಿಕ್ಷು ತ್ರಿ ಕ್ವಾಂಗ್ ಅವರ ಕರೆಗೆ ಓಗೊಟ್ಟು ಹ್ವೇ ನಗರದ ಜನ ಮನೆಮನೆಯ ಪೂಜೆಯ ಮೇಜನ್ನು ನಡುಬೀದಿಗೆ ತಂದಿಟ್ಟರು. ರಾಜಧಾನಿ ಸೈಗಾನಿನಿಂದ ಬರುವ ಸೇನೆಗೆ ಅವೇ ತಡೆಗೋಡೆ. ಇದನ್ನು ನಾನು ಹತ್ತಾರು ಕಡೆ ಓದಿದ್ದೆ; ಜಾಣ ತಂತ್ರವೆಂದು ಟಿಪ್ಪಣಿ ಮಾಡಿಕೊಂಡೂ ಇದ್ದೆ. ಆ ಅಜ್ಜಿಗೆ ಆಗ ಹನ್ನೊಂದು ವರ್ಷ. ತಾಯಿ ಮತ್ತು ಪಕ್ಕದ ಮನೆಯಾಕೆ ಮೇಜನ್ನು ಎಳೆದು ತಂದರು, ಹೊಸ್ತಿಲಿಗೆ ತಾಗಿ ಕಾಲು ಮುರಿಯಿತು. ಧೂಪದ ಬಟ್ಟಲನ್ನು ಎತ್ತಿಕೊಳ್ಳಲು ಮಗಳಿಗೆ ಹೇಳಿದರು. ಅಲ್ಲಿಯ ಮನೆಗಳಲ್ಲಿ ಆ ಬಟ್ಟಲು ಹಿರಿಯರು ನೆಲೆಸಿರುವ ಜಾಗ. ಅವರಿಗೆ ಅರಿಕೆ ಮಾಡದೆ ಯಾರೂ ಅದನ್ನು ಕದಲಿಸುವುದಿಲ್ಲ. ಗೌರಿಯ ಕಳಶವನ್ನು ವಿಸರ್ಜನೆಗೆ ಮುನ್ನ ಮುಟ್ಟಲು ನಮ್ಮ ಕೈ ಹೇಗೆ ಹಿಂಜರಿಯುತ್ತದೆಯೋ ಹಾಗೆ. “ಬಟ್ಟಲು ಬಿದ್ದರೆ ಎಂಬ ಭಯ ನನಗೆ, ಸೈನಿಕರ ನೆನಪೇ ಇರಲಿಲ್ಲ” ಎಂದರು ಅಜ್ಜಿ. ಆ ಸೈನಿಕರ ಮನೆಗಳಲ್ಲೂ ಅಂಥದೇ ಬಟ್ಟಲಿತ್ತು ಎಂಬುದು ನನಗೆ ಹೊಳೆದದ್ದು ಆಗ. ಊರಿಗೆ ಮರಳಿ ಅದುವರೆಗೆ ಬರೆದಿದ್ದ ಮೂರು ಅಧ್ಯಾಯಗಳನ್ನು ಹರಿದು ಹಾಕಿದೆ.

ಮೇಜುಗಳು ಗೆದ್ದವು ಎಂದು ಬರೆಯಲು ನನಗೂ ಆಸೆಯಿತ್ತು. ಗೆಲ್ಲಲಿಲ್ಲ. ಜೂನ್ ಮುಗಿಯುವುದರೊಳಗೆ ಊರು ಸೇನೆಯ ಕೈಸೇರಿತು. ತ್ರಿ ಕ್ವಾಂಗ್ ಅವರನ್ನು ಸೈಗಾನಿಗೆ ಒಯ್ದರು. ಪ್ರತಿಭಟಿಸಿ ಅವರು ಹಿಡಿದಿದ್ದ ಉಪವಾಸ ನೂರು ದಿನ ನಡೆಯಿತು.

ನನಗೆ ದುಭಾಷಿಯಾಗಿದ್ದ ಹುಡುಗನಿಗೆ ಎರಡನೆಯ ಕೃತಜ್ಞತೆ. ಮೊದಲ ದಿನದಿಂದಲೇ ಅವನು ನನ್ನನ್ನು ‘ಕೋ’ ಎಂದು ಕರೆದ. ಅವರ ಭಾಷೆಯಲ್ಲಿ ಅದು ಸೋದರತ್ತೆಗೂ ಸಲ್ಲುತ್ತದೆ, ಮೇಡಂಗೂ ಸಲ್ಲುತ್ತದೆ. ನಾನು ಮೊದಲನೆಯದನ್ನೇ ಇಟ್ಟುಕೊಂಡೆ. ಡಿಯೆ ದೇ ವಿಹಾರಕ್ಕೆ ಕರೆದೊಯ್ದವನು ಅವನೇ. 1966ರ ಮೇ 29ರಂದು ಭಿಕ್ಷುಣಿ ಥಾನ್ ಕ್ವಾಂಗ್ ತಮ್ಮನ್ನು ಸುಟ್ಟುಕೊಂಡ ಅಂಗಳದಲ್ಲಿ ಅವನು ಒಂದು ಮಾತನ್ನೂ ಅನುವಾದಿಸಲಿಲ್ಲ, ನಾನೂ ಕೇಳಲಿಲ್ಲ. 1963ರ ಜೂನ್ 11ರಂದು ಸೈಗಾನಿನ ನಾಲ್ಕು ರಸ್ತೆ ಕೂಡುವಲ್ಲಿ ಕುಳಿತು ಉರಿದ ಕ್ವಾಂಗ್ ಡುಕ್ ಅವರ ಚಿತ್ರವನ್ನು ಜಗತ್ತೇ ನೋಡಿದೆ. ಅವರನ್ನು ಕರೆತಂದ ಆಸ್ಟಿನ್ ಕಾರು ಹ್ವೇಯ ಥಿಯೆನ್ ಮು ವಿಹಾರದಲ್ಲಿ ಇಂದಿಗೂ ನಿಂತಿದೆ, ಪ್ರವಾಸಿಗರ ಗುಂಪು ಕರಗುವುದೇ ಇಲ್ಲ. ಡಿಯೆ ದೇ ಅಂಗಳದಲ್ಲಿ ಆ ಬೆಳಿಗ್ಗೆ ನಾವಿಬ್ಬರೇ ಇದ್ದೆವು. ಆಗಿನ ಅಧ್ಯಕ್ಷ ಡಿಯೆಮ್ ಅವರನ್ನು ಉರುಳಿಸಿದ 1963ರ ಆ ಹೋರಾಟ ಗೆದ್ದಿತ್ತು, ಅದಕ್ಕೇ ಅದರ ಕಥೆ ಉಳಿಯಿತು. ಸೋತ ಹೋರಾಟದ ಕಾರನ್ನು ಯಾರು ಕಾಪಾಡಿಡುತ್ತಾರೆ?

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ರಜೆಯ ದಿನಗಳಲ್ಲಿ ಗ್ರಂಥಾಲಯಕ್ಕೆ ಹೋಗಿ ಆ ಕಾಲದ ಪತ್ರಿಕೆಗಳ ಪುಟಗಳನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಅಂಚಿನಲ್ಲಿ ಅವಳ ಹೆಬ್ಬೆರಳೂ ಬಿದ್ದಿರುತ್ತಿತ್ತು. ಹ್ವೇಯ ಅಮೆರಿಕನ್ ಕಾನ್ಸುಲೇಟ್ ಕಚೇರಿಯನ್ನು ಪ್ರತಿಭಟನಕಾರರು ಸುಟ್ಟ ವರದಿಗಳೂ ಅವುಗಳಲ್ಲಿದ್ದವು. “ಇದನ್ನು ಬಿಡಬೇಡಿ, ಮೇಡಂ” ಎಂದು ಬರೆದಿದ್ದಳು. ಬಿಡುವ ಯೋಚನೆ ನನಗಿತ್ತು, ಒಪ್ಪಿಕೊಳ್ಳುತ್ತೇನೆ. ಇನ್ನೊಬ್ಬ ಭಿಕ್ಷು ನಾಯಕ ತಾಮ್ ಚಾವ್ ಮತ್ತು ತ್ರಿ ಕ್ವಾಂಗ್ ಅವರ ಬಣಗಳ ಮನಸ್ತಾಪವನ್ನೂ ಅಡಿಟಿಪ್ಪಣಿಗೆ ದೂಡಿದ್ದೆ. ಎರಡೂ ಈಗ ಮುಖ್ಯ ಪಠ್ಯದಲ್ಲಿವೆ.

2021ರ ಮೇ ತಿಂಗಳಲ್ಲಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಪಕ್ಕದ ಬೀದಿಯ ಹೋಟೆಲಿನವರು ನನ್ನವರಿಗೆ ದಿನಾ ಗಂಜಿ, ಉಪ್ಪಿನಕಾಯಿ ಕಟ್ಟಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಅವರಿಗೆ ವಿಯೆಟ್ನಾಮ್ ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ಪುಸ್ತಕದ ಮೊದಲ ಪ್ರತಿ ಈಗ ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ.

ಹಸ್ತಪ್ರತಿಯನ್ನು ಎರಡು ವರ್ಷ ಇಟ್ಟುಕೊಂಡು, “ನಿಮ್ಮ ಭಿಕ್ಷುಗಳು ಯಾವ ಪಕ್ಷ, ಓದುಗರಿಗೆ ತಿಳಿಯುವುದಿಲ್ಲ” ಎಂಬ ಒಂದೇ ಸಾಲು ಬರೆದು ಹಿಂತಿರುಗಿಸಿದ ಪ್ರಕಾಶಕರಿಗೂ ವಂದನೆ. ವ್ಯಂಗ್ಯವಲ್ಲ. ಪುಸ್ತಕಕ್ಕೆ ಬೇಕಿದ್ದ ಪ್ರಶ್ನೆ ಅದು. ತ್ರಿ ಕ್ವಾಂಗ್ ಅವರನ್ನು ಸೈಗಾನಿನ ಸೇನಾಧಿಕಾರಿಗಳು ಕಮ್ಯುನಿಸ್ಟರ ಕೈಗೊಂಬೆ ಎಂದರು. 1975ರಲ್ಲಿ ಗೆದ್ದ ಕಮ್ಯುನಿಸ್ಟರು ಅವರ ಬಾಯಿ ಕಟ್ಟಿದರು. ಯುದ್ಧ ನಿಲ್ಲಲಿ ಎಂದು ಹೇಳಿದ ತಪ್ಪಿಗೆ ಭಿಕ್ಷು ಥಿಚ್ ನ್ಹಾತ್ ಹಾನ್ 1966ರಲ್ಲಿ ದೇಶ ಬಿಟ್ಟವರು 2005ರವರೆಗೆ ಕಾಲಿಡಲಾಗಲಿಲ್ಲ. ಯಾವ ಪಕ್ಷವೆಂದು ಹೇಳುವುದು?

‘ಥಿಚ್’ ಎಂದಾಗ ನೆನಪಾಯಿತು. ಅದು ಶಾಕ್ಯ ಎಂಬುದರ ವಿಯೆಟ್ನಾಮೀ ರೂಪ; ದೀಕ್ಷೆ ಪಡೆದವರೆಲ್ಲ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ. ಅದರ ಸರಿಯಾದ ಉಚ್ಚಾರಣೆ ‘ಥಿಕ್’. ನಾನು ಹಾಗೆಯೇ ಬರೆದಿದ್ದೆ. ಕರಡು ತಿದ್ದಿದ ಎಂಬತ್ತರ ರಾಯರು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, “ತಾಯೀ, ಅಲ್ಪಪ್ರಾಣದಲ್ಲಿ ಓದುವವರು ನಮ್ಮಲ್ಲಿ ಬಹಳ ಮಂದಿ. ಬೇಡ” ಎಂದು ಬರೆದರು. ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಪುಸ್ತಕದ ಮಾನ ಉಳಿಸಿದ್ದಕ್ಕೆ ರಾಯರಿಗೆ ಸಾಷ್ಟಾಂಗ.

ಕೊನೆಯದಾಗಿ, ಬಿಡುಗಡೆಯ ರಾತ್ರಿಯೇ ಓದಿ ಮುಗಿಸಿ ಬೆಳಿಗ್ಗೆ ಫೋನ್ ಮಾಡಿದ ಸಾಗರದ ಓದುಗರೊಬ್ಬರು ತಪ್ಪೊಂದನ್ನು ಹಿಡಿದಿದ್ದಾರೆ. ಐದನೆಯ ಅಧ್ಯಾಯದಲ್ಲಿ ಒಂದು ಕಡೆ ಕಿ ಅವರನ್ನು ರಾಷ್ಟ್ರದ ಮುಖ್ಯಸ್ಥರು ಎಂದಿದ್ದೇನೆ. ಆ ಸ್ಥಾನದಲ್ಲಿದ್ದವರು ನ್ಗುಯೆನ್ ವ್ಯಾನ್ ಥಿಯು, ಕಿ ಪ್ರಧಾನಿ. ಅವರಿಗೆ ಧನ್ಯವಾದ. ಪ್ರತಿ ಕೊಂಡವರು ದಯವಿಟ್ಟು ಪೆನ್ನಿನಲ್ಲಿ ತಿದ್ದಿಕೊಳ್ಳಿ.